ಹಾಸಿಗೆಯಲ್ಲೇ ಮೈ ಒರೆಸುವಾಗ

ವೃದ್ಧಾಶ್ರಮದಲ್ಲಿ ಹಾಸಿಗೆ ಹಿಡಿದವರ ಮಾನ ಹೋಗುವುದು ಹೆಚ್ಚಾಗಿ ಒಂದು ಗಳಿಗೆಯಲ್ಲಿ. ಅರ್ಧ ಮೈ ಒರೆಸಿದ ಮೇಲೆ ಆಯಾ "ಅಯ್ಯೋ, ಪ್ಯಾಡ್ ತರೋದೇ ಮರೆತೆ" ಎಂದು ಎದ್ದು ಹೋಗುತ್ತಾರೆ. ಬಾಗಿಲು ತೆರೆದೇ ಇರುತ್ತದೆ, ಲಂಗ ಮೇಲೆ ಸರಿದಿರುತ್ತದೆ, ಪಕ್ಕದ ಮಂಚದವರ ಮಗ ಊಟದ ಡಬ್ಬಿ ಹಿಡಿದು ಒಳಗೆ ಬರುತ್ತಾನೆ.

ಹಾಗಾಗಿ ನೀರು ತರುವ ಮೊದಲೇ ಎಲ್ಲವೂ ಸ್ಟೂಲಿನ ಮೇಲಿರಲಿ: ಎರಡು ಬೇಸನ್, ನಾಲ್ಕೈದು ಒರೆಸುವ ಬಟ್ಟೆ, ಎರಡು ಟವೆಲ್, ಹೊದಿಸಲು ದೊಡ್ಡ ಬೆಡ್‌ಶೀಟ್, ಸೋಪು, ಗ್ಲೌಸ್, ಪ್ಯಾಡ್, ಉಡಿಸುವ ಬಟ್ಟೆ, ಕೊಳೆಬಟ್ಟೆಗೆ ಬಕೆಟ್. ನೀರು ಸುಮಾರು 40 ಡಿಗ್ರಿ ಇದ್ದರೆ ಹಿತ. ಮೊಣಕೈ ಅದ್ದಿ ನೋಡಿ, ಅವರ ಕೈಗೂ ಮುಟ್ಟಿಸಿ ಕೇಳಿ. ಫ್ಯಾನ್ ಆಫ್ ಮಾಡಿ.

ಪರದೆಯ ಎರಡು ಅಂಚು ಕೂಡುವಲ್ಲಿ ಯಾವಾಗಲೂ ಸಂದು ಬಿಡುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ ಎರಡು ಸಾಕು. ಸಂಜೆ ಲೈಟ್ ಹಾಕಿದ ಮೇಲೆ ಒಮ್ಮೆ ಹೊರಗೆ ನಿಂತು ಕಿಟಕಿ ನೋಡಿ. ತೆಳು ಪರದೆಯಲ್ಲಿ ಒಳಗಿನ ನೆರಳೆಲ್ಲ ಕಾಣುತ್ತದೆ.

ಹೊದ್ದ ಕಂಬಳಿಯ ಮೇಲೆಯೇ ಬೆಡ್‌ಶೀಟ್ ಹಾಸಿ, ಅದರ ಮೇಲಂಚನ್ನು ಅವರ ಕೈಗೇ ಕೊಡಿ. ಆಮೇಲೆ ಕಂಬಳಿಯನ್ನು ಕಾಲ ಕಡೆಯಿಂದ ಎಳೆದುಕೊಳ್ಳಿ, ಬಟ್ಟೆಯನ್ನು ಶೀಟಿನ ಒಳಗಿನಿಂದಲೇ ತೆಗೆಯಿರಿ. ಲಕ್ವ ಹೊಡೆದವರಿಗೆ ಬಿಚ್ಚುವಾಗ ಸ್ವಾಧೀನವಿರುವ ಕೈ ಮೊದಲು, ತೊಡಿಸುವಾಗ ಸ್ವಾಧೀನವಿಲ್ಲದ ಕೈ ಮೊದಲು. ಈ ಕ್ರಮ ತಪ್ಪಿದರೆ ಭುಜ ನೋಯುತ್ತದೆ, ಎಳೆದಾಟ ಹೆಚ್ಚುತ್ತದೆ, ಅಷ್ಟು ಹೊತ್ತೂ ಎದೆ ಬಯಲಾಗಿರುತ್ತದೆ. ಜನಿವಾರ, ತಾಳಿ, ಇಷ್ಟಲಿಂಗ ಕೇಳದೆ ಮುಟ್ಟಬೇಡಿ.

ಮುಖ, ಕೈ, ಎದೆ, ಹೊಟ್ಟೆ, ಕಾಲು, ಬೆನ್ನು: ಒರೆಸುವ ಭಾಗ ಮಾತ್ರ ತೆರೆದು, ಒಣಗಿಸಿ, ಮುಚ್ಚಿ, ಮುಂದಕ್ಕೆ ಹೋಗಿ. ತೊಡೆಸಂದಿಗೆ ಬರುವಾಗ ನೀರು, ಬಟ್ಟೆ ಎರಡೂ ಹೊಸದು. ಕೈ ಆಡುವವರಿಗೆ ಹಿಂಡಿದ ಬಟ್ಟೆ ಕೊಟ್ಟು ಮುಖ ಆಚೆ ತಿರುಗಿಸಿ ನಿಲ್ಲಿ. ಮಂಚ ಬಿಟ್ಟು ಹೋಗಬೇಡಿ. ನೀವೇ ಒರೆಸಬೇಕಾದರೆ, ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ, ಇಲ್ಲದಿದ್ದರೆ ಮಲದ ಸೋಂಕು ಮೂತ್ರಕ್ಕೆ ಹತ್ತುತ್ತದೆ. ಪ್ರತಿ ಸಲ ಮುಟ್ಟುವ ಮೊದಲು ಬಾಯಿಬಿಟ್ಟು ಹೇಳಿ: "ಅಮ್ಮ, ಈಗ ಬೆನ್ನು ಒರೆಸ್ತೀನಿ." ಇಬ್ಬರು ಕೆಲಸದವರು ಅವರ ಮೈಮೇಲಿಂದಲೇ ಸಂಬಳದ ಮಾತಾಡುವುದು ಬಹಳ ನೋವು ಕೊಡುವ ವಿಷಯ.

ಮರೆವಿನ ಕಾಯಿಲೆಯವರು ಹೊಡೆಯುತ್ತಾರೆ, ಕಿರುಚುತ್ತಾರೆ ಎಂಬ ದೂರು ಇದೆ. ಯಾರೋ ಗುರುತಿಲ್ಲದವರು ತಮ್ಮ ಬಟ್ಟೆ ಬಿಚ್ಚುತ್ತಿದ್ದಾರೆ ಎಂದಷ್ಟೇ ಅವರಿಗೆ ತಿಳಿಯುವುದು. ಭುಜದ ಮೇಲೊಂದು ಬೆಚ್ಚಗಿನ ಟವೆಲ್ ಬಿಟ್ಟು, ಮೊದಲು ಪಾದದಿಂದ ಶುರು ಮಾಡಿ ನೋಡಿ. ಆಗಲೂ ಬೇಡ ಎಂದರೆ ಮುಖ, ಕೈ, ಕೆಳಭಾಗ ಒರೆಸಿ ಅಲ್ಲಿಗೆ ಬಿಡಿ; ಉಳಿದದ್ದು ಸಂಜೆಗಾಗಲಿ.

ಇನ್ನು ಕ್ಯಾಮೆರಾ. ಕಾರಿಡಾರ್‌ನಲ್ಲಿ, ಊಟದ ಹಾಲ್‌ನಲ್ಲಿ ಇರಲಿ, ಮಂಚದ ಮೇಲೆ ಬೇಡ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿದ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಗ ಅವರಿಗೆ ತೊಂಬತ್ತು ದಾಟಿತ್ತು. ದೂರದೇಶದ ಮಕ್ಕಳು ವಾಟ್ಸಾಪ್‌ನಲ್ಲಿ ಫೋಟೊ ಕೇಳಿದರೆ, ತಲೆ ಬಾಚಿ, ಬಟ್ಟೆ ಸರಿಮಾಡಿ, "ಕಳಿಸಲಾ?" ಎಂದು ಅವರನ್ನೇ ಕೇಳಿ ಕಳಿಸಿ. ಬೆಡ್‌ಸೋರ್ ಫೋಟೊ ಡಾಕ್ಟರಿಗೆ ಮಾತ್ರ, ಗುಂಪಿಗೆ ಬೇಡ. ಮೂತ್ರದ ಚೀಲಕ್ಕೂ ಒಂದು ಬಟ್ಟೆಯ ಕವಚ ಹೊಲಿಸಿಡಿ. ಚೀಲ ಸೊಂಟಕ್ಕಿಂತ ಕೆಳಗೆ, ನೆಲಕ್ಕೆ ತಾಗದಂತೆ ತೂಗುತ್ತಿರಲಿ.