ಬಿಳಿ ವೈನ್ ಪ್ರಾಜೆಕ್ಟ್: ಜಾಡಿ ಫ್ರಿಜ್‌ನಲ್ಲಿ, ಬಳ್ಳಿ ತೋಟದಲ್ಲಿ

ಜಾಡಿಯಲ್ಲಿ ಗುಳ್ಳೆ ನಿಂತಿದೆ. ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಕೊಳವೆ, ನೀರಿಗೆ 1.000) 0.996 ತೋರಿಸುತ್ತಿದೆ, ಅಂದರೆ ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದು ಮುಗಿಸಿದೆ.

ಈ ಸಲದ ಹಣ್ಣು ಮೈಸೂರಿನ ದೇವರಾಜ ಮಾರ್ಕೆಟ್‌ನ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿ. ವಿಜಯಪುರದ ಕಡೆ ಒಣದ್ರಾಕ್ಷಿ ಮಾಡುವುದೂ ಇದರಿಂದಲೇ. ತಿನ್ನೋಕೆ ಚೆನ್ನಾಗಿದೆ, ಆದರೆ ವೈನಿಗೆ ಸ್ವಲ್ಪ ಸಪ್ಪೆ: ಪರಿಮಳ ಕಡಿಮೆ, ಹುಳಿಯೂ ಸಾಲದು. ಅದಕ್ಕೆ ಲೀಟರಿಗೆ ಒಂದೂವರೆ ಗ್ರಾಂ ಟಾರ್ಟಾರಿಕ್ ಆಸಿಡ್ ಹಾಕಿದೆ. ರಸದ ಸಾಂದ್ರತೆ 1.075 ಇತ್ತು, ಲೀಟರಿಗೆ ಸುಮಾರು 26 ಗ್ರಾಂ ಸಕ್ಕರೆ ಸೇರಿಸಿ 1.085ಕ್ಕೆ ತಂದೆ (ಮಂಡ್ಯದ ಪಕ್ಕದಲ್ಲಿದ್ದುಕೊಂಡು ಸಕ್ಕರೆಗೆ ಹಿಂದೆಮುಂದೆ ನೋಡೋದುಂಟಾ). ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಅಂದರೆ ಶೇ. 1 ಆಲ್ಕೋಹಾಲ್ ಅನ್ನೋದು ಲೆಕ್ಕ. ಈಗ 11.5ರ ಹತ್ತಿರ ಬಂದಿರಬೇಕು.

ಕೆಂಪು ವೈನಿನಲ್ಲಿ ರಸದ ಜೊತೆ ಸಿಪ್ಪೆಯೂ ಹುದುಗುತ್ತದೆ, ಬಣ್ಣ ಒಗರು ಎರಡೂ ಅಲ್ಲಿಂದಲೇ. ಬಿಳಿಗೆ ಮೊದಲೇ ಹಿಂಡಿ ಸಿಪ್ಪೆ ತೆಗೆದುಬಿಡಬೇಕು. ಮಿಕ್ಸಿ ಬೇಡವೇ ಬೇಡ, ಸಿಪ್ಪೆ ತೊಟ್ಟು ಎಲ್ಲ ನುಣ್ಣಗಾಗಿ ಕಹಿ ಇಳಿಯುತ್ತದೆ. ಕುದಿಸಿ ಒಣಗಿಸಿದ ಹಳೇ ಪಂಚೆಯಲ್ಲಿ ಕಟ್ಟಿ ಕೈಯಲ್ಲೇ ಹಿಂಡಿದೆ. ರಾತ್ರಿಯೆಲ್ಲ ಫ್ರಿಜ್‌ನಲ್ಲಿಟ್ಟರೆ ಗಸಿ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಮಾತ್ರ ಪೈಪಿನಲ್ಲಿ ಇಳಿಸಿಕೊಂಡು ಯೀಸ್ಟ್ ಹಾಕಬೇಕು.

ಆಮೇಲಿನದೆಲ್ಲ ಬಿಸಿಲಿನ ಜೊತೆ ಜಗಳ. ಏಪ್ರಿಲ್‌ನಲ್ಲಿ ನಮ್ಮ ಮನೆಯೊಳಗೇ ಸೆಕೆ, ಆ ಬಿಸಿಗೆ ಬಿಟ್ಟರೆ ಹುದುಗೋದು ಬೇಗ ಆಗುತ್ತದೆ, ಆದರೆ ಇದ್ದಬದ್ದ ಪರಿಮಳವೂ ಗುಳ್ಳೆಯ ಜೊತೆ ಹಾರಿಹೋಗುತ್ತದೆ. ಹಾಗಾಗಿ ಹಳೇ ಫ್ರಿಜ್‌ಗೆ ಥರ್ಮೋಸ್ಟಾಟ್ ಕೂರಿಸಿ 16 ಡಿಗ್ರಿಯಲ್ಲಿಟ್ಟೆ. ನಿಧಾನ, ಆದರೆ ಏರ್‌ಲಾಕ್ (ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ ಮುಚ್ಚಳ) ಹತ್ತಿರ ಮೂಗಿಟ್ಟರೆ ಹಸಿರು ಸೇಬಿನ ವಾಸನೆ ಬರುತ್ತಿತ್ತು.

ಚಮಚದಲ್ಲಿ ರುಚಿ ನೋಡಿದೆ. ಮೊದಲು ನಿಂಬೆಯಂಥ ಹುಳಿ, ಆಮೇಲೆ ಪೇರ್ (ಪಿಯರ್) ಹಣ್ಣು, ಕೊನೆಗೆ ಯೀಸ್ಟಿನ ಬ್ರೆಡ್ ವಾಸನೆ. ಮಧ್ಯೆ ಏನೋ ಖಾಲಿ. ಭಾವ ಕುಡಿದು "ಷರಬತ್ತಿಗೆ ಸಕ್ಕರೆ ಮರೆತಿದ್ದೀಯಾ" ಅಂದರು, ಅಷ್ಟೇನೂ ತಪ್ಪಿಲ್ಲ. ನಂದಿ ಬೆಟ್ಟದ ಕಡೆಯ ಸೊವಿನ್ಯೋಂ ಬ್ಲಾಂಕ್ ದ್ರಾಕ್ಷಿಯ ವೈನಿನಲ್ಲಿ ಸೀಬೆಹಣ್ಣು, ಹಸಿ ಹುಲ್ಲು ಥಟ್ಟನೆ ಗೊತ್ತಾಗುತ್ತದೆ. ಹಣ್ಣಿನಲ್ಲೇ ಇಲ್ಲದ್ದು ಜಾಡಿಯಲ್ಲಿ ಎಲ್ಲಿಂದ ಬರಬೇಕು ಹೇಳಿ.

ಅದಕ್ಕೇ ಶ್ರೀರಂಗಪಟ್ಟಣದ ಹತ್ತಿರ ಚೆನಿನ್ ಬ್ಲಾಂಕ್ ಅನ್ನೋ ವೈನ್ ದ್ರಾಕ್ಷಿ ಹಾಕಿರೋದು, ಡಾಗ್‌ರಿಜ್ ಅನ್ನೋ ಬೇರೆ ಜಾತಿಯ ದ್ರಾಕ್ಷಿ ಬೇರಿನ ಮೇಲೆ ಕಸಿ ಮಾಡಿದ ಗಿಡ. ಮೂಲ ಫ್ರಾನ್ಸಿನ ಲುವಾರ್ ಕಣಿವೆ. ಅಲ್ಲಿ ಚಳಿಗೆ ಬಳ್ಳಿ ಮಲಗುತ್ತದೆ, ನಮ್ಮಲ್ಲಿ ಮಲಗುವುದೇ ಇಲ್ಲ, ಹಾಗಾಗಿ ವರ್ಷಕ್ಕೆ ಎರಡು ಸಲ ಚಾಟನಿ (ಬಳ್ಳಿ ಕತ್ತರಿಸುವುದು): ಏಪ್ರಿಲ್‌ನಲ್ಲಿ ಹೊಸ ಕಡ್ಡಿಗೆ, ಅಕ್ಟೋಬರ್‌ನಲ್ಲಿ ಹಣ್ಣಿಗೆ. ಏಪ್ರಿಲ್ ಚಾಟನಿ ಆಯಿತು, ಚಿಗುರು ಚೆನ್ನಾಗಿದೆ. ನನಗಿರುವ ಅನುಮಾನ ರಾತ್ರಿಯದ್ದು. ರಾತ್ರಿ ತಂಪಿದ್ದರೆ ಹಣ್ಣಿನಲ್ಲಿ ಮ್ಯಾಲಿಕ್ ಹುಳಿ ಉಳಿಯುತ್ತದೆ, ನಮ್ಮ ಗದ್ದೆ ಬಯಲಿನಲ್ಲಿ ಬೆಟ್ಟದ ತಂಪು ಎಲ್ಲಿ? ಸಿಹಿ ತುಂಬುವವರೆಗೆ ಕಾಯದೆ ಸ್ವಲ್ಪ ಮುಂಚೆಯೇ ಕೊಯ್ಯುವ ಯೋಚನೆ ಇದೆ.

ಸದ್ಯಕ್ಕೆ ಜಾಡಿಯನ್ನು 4 ಡಿಗ್ರಿಗೆ ಇಳಿಸಿದ್ದೇನೆ. ತಳದ ಗಾಜಿಗೆ ಕಲ್ಲುಸಕ್ಕರೆ ಚೂರಿನಂತೆ ಟಾರ್ಟಾರಿಕ್ ಹರಳು ಅಂಟುತ್ತಿದೆ. ಇದು ಈಗಲೇ ಬಿದ್ದುಹೋದರೆ ಆಮೇಲೆ ಬಾಟಲಿಯಲ್ಲಿ ಬೀಳೋದಿಲ್ಲ. ಮುಂದಿನ ವಾರ ತಿಳಿ ಇಳಿಸಿ, ವೈನ್ ಕೆಡದಿರಲು ಚೂರೇ ಚೂರು ಮೆಟಾಬೈಸಲ್ಫೈಟ್ ಹಾಕಿ ಮುಚ್ಚಿಡುತ್ತೇನೆ.