ಕ್ಯಾಮೆರಾ, ನ್ಯಾಟ್ ಮತ್ತು ನೂರರಿಂದ ಶುರುವಾದ ವಿಳಾಸ

ಸಾಗರದ ಹತ್ತಿರದ ನಮ್ಮ ಊರಿನ ಮನೆಗೆ ಫೈಬರ್ ಸಂಪರ್ಕ ಬಂದ ವರ್ಷ, ಅಡಿಕೆ ಒಣಗಿಸುವ ಅಂಗಳಕ್ಕೊಂದು ಕ್ಯಾಮೆರಾ ಹಾಕಿಸಿ, ಅದನ್ನು ಬೆಂಗಳೂರಿನಿಂದಲೂ ನೋಡುವಂತೆ ಮಾಡಿಕೊಡುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದೆ. ಕ್ಯಾಮೆರಾ ಕಂಪನಿಯ ಕ್ಲೌಡ್ ನನಗೆ ಬೇಕಿರಲಿಲ್ಲ. ನಮ್ಮ ಅಂಗಳದ ಚಿತ್ರ ಯಾರದೋ ಸರ್ವರನ್ನು ಸುತ್ತಿಕೊಂಡು ಬರುವುದು ಸರಿಯೆನಿಸಲಿಲ್ಲ. ಎರಡು ನೆಟ್‌ವರ್ಕ್ ಪೋರ್ಟುಗಳಿದ್ದ ಹಳೆಯ ಪುಟ್ಟ ಕಂಪ್ಯೂಟರಿಗೆ ಡೆಬಿಯನ್ ಲಿನಕ್ಸ್ ಹಾಕಿ, ಅದನ್ನೇ ರೂಟರ್ ಮಾಡಿ, ವಿಳಾಸ ಬದಲಿಸುವ ತಂತ್ರವಾದ ನ್ಯಾಟ್‌ನ ಒಂದೆರಡು ನಿಯಮ ಬರೆದರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಅದಕ್ಕೆ ಊರಿಗೆ ಮೂರು ಸಲ ಹೋಗಬೇಕಾಯಿತು.

ಜಾಲದಲ್ಲಿ ಸಾಧನವನ್ನು ಗುರುತಿಸಲು ನಾವಿಂದಿಗೂ ಬಳಸುವ ಹಳೆಯ ಬಗೆಯ ಐಪಿ ವಿಳಾಸ 32 ಬಿಟ್‌ಗಳದ್ದು. ಒಟ್ಟು ಸುಮಾರು 430 ಕೋಟಿ ವಿಳಾಸಗಳು ಮಾತ್ರ ಸಾಧ್ಯ. ಇವು ಸಾಲದೆ ಹೋಗುತ್ತವೆಂದು ಕಂಡಾಗ, 1994ರಲ್ಲಿ ತಾತ್ಕಾಲಿಕ ಪರಿಹಾರವೆಂದೇ ಪ್ರಕಟವಾದದ್ದು ನ್ಯಾಟ್. ಮನೆಯೊಳಗಿನ ಸಾಧನಗಳಿಗೆ 192.168ರಿಂದಲೋ 10ರಿಂದಲೋ ಆರಂಭವಾಗುವ ಖಾಸಗಿ ವಿಳಾಸ ಕೊಟ್ಟು, ಹೊರಗೆ ಹೋಗುವಾಗ ಎಲ್ಲಕ್ಕೂ ರೂಟರಿನ ಒಂದೇ ವಿಳಾಸವನ್ನು ತೊಡಿಸುವುದು ಅದರ ಕೆಲಸ. ಯಾವ ಸಾಧನದ ಯಾವ ಪೋರ್ಟಿನಿಂದ (ಇಲ್ಲಿ ಪೋರ್ಟ್ ಎಂದರೆ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಯಾರಿಗೆ ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ಹೋಯಿತೆಂದು ರೂಟರ್ ತನ್ನ ದಾಖಲೆಯಲ್ಲಿ ಒಂದು ಸಾಲು ಬರೆದಿಟ್ಟುಕೊಳ್ಳುತ್ತದೆ. ಉತ್ತರ ಬಂದಾಗ ಆ ಸಾಲನ್ನು ನೋಡಿ ಸರಿಯಾದವರಿಗೆ ತಲುಪಿಸುತ್ತದೆ. ಒಳಗಿನಿಂದ ಯಾರೂ ಕರೆಯದೆ ಹೊರಗಿನಿಂದ ತಾನಾಗಿ ಬಂದ ಪ್ಯಾಕೆಟ್ಟಿಗೆ ದಾಖಲೆಯಲ್ಲಿ ಸಾಲೇ ಇರುವುದಿಲ್ಲ. ನನ್ನ ಫಜೀತಿಯೆಲ್ಲ ಈ ಒಂದು ಸಂಗತಿಯಿಂದ ಹುಟ್ಟಿದ್ದು.

ಹೊರಹೋಗುವ ದಾರಿ ಸುಲಭವಾಗಿಯೇ ತೆರೆಯಿತು. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಪ್ಯಾಕೆಟ್ ಮುಂದೆ ಸಾಗಿಸುವ ಆಯ್ಕೆಯನ್ನು 1 ಮಾಡಿ, ಪ್ಯಾಕೆಟ್ ಹೊರಡುವ ಮುನ್ನಿನ ಪೋಸ್ಟ್‌ರೌಟಿಂಗ್ ಹಂತದಲ್ಲಿ, ಕಳಿಸಿದವರ ವಿಳಾಸದ ಜಾಗದಲ್ಲಿ ರೂಟರಿನದನ್ನು ಹಾಕುವ ಮಾಸ್ಕರೇಡ್ ನಿಯಮ ಬರೆದೆ. ಹೊರಗಿನ ವಿಳಾಸ ಸ್ಥಿರವಾಗಿದ್ದರೆ ಅದನ್ನೇ ನಮೂದಿಸುವುದು ಒಳ್ಳೆಯದು. ಕರೆಂಟು ಹೋಗಿ ಬಂದಾಗಲೆಲ್ಲ ವಿಳಾಸ ಬದಲಾಗುವ ನಮ್ಮಂಥ ಸಂಪರ್ಕಕ್ಕೆ, ಆ ಕ್ಷಣದಲ್ಲಿ ಇರುವ ವಿಳಾಸವನ್ನು ತಾನೇ ನೋಡಿಕೊಳ್ಳುವ ಮಾಸ್ಕರೇಡ್ ತಕ್ಕದ್ದು. ಆದರೆ ಸೇವೆಯವರು ಕೊಟ್ಟ ಫೈಬರ್ ಪೆಟ್ಟಿಗೆಯೂ ಒಂದು ರೂಟರೇ ಆಗಿತ್ತು. ಅದರ ಒಳಬದಿಯೂ ನನ್ನ ಒಳಬದಿಯೂ 192.168.1 ಆಗಿದ್ದುದರಿಂದ ಪ್ಯಾಕೆಟ್ಟಿಗೆ ದಿಕ್ಕೇ ತಿಳಿಯಲಿಲ್ಲ. ಒಳಗಿನದನ್ನು 192.168.40ಕ್ಕೆ ಬದಲಿಸಿ, ಆ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ, ಅಂದರೆ ರೂಟರ್ ಕೆಲಸ ಬಿಟ್ಟು ಪ್ಯಾಕೆಟ್ಟುಗಳನ್ನು ಸುಮ್ಮನೆ ದಾಟಿಸುವಂತೆ, ಹಾಕಿಸಿಕೊಂಡೆ.

ಇನ್ನು ಒಳಬರುವ ದಾರಿ. ಹೊರಗಿನ ಒಂದು ಪೋರ್ಟಿಗೆ ಬಂದದ್ದನ್ನು ಕ್ಯಾಮೆರಾ ಚಿತ್ರ ಕೊಡುವ 554ನೇ ಪೋರ್ಟಿಗೆ ತಿರುಗಿಸುವ ನಿಯಮ ಬರೆದರೂ ಚಿತ್ರ ಬರಲಿಲ್ಲ. ಈ ತಿರುಗಿಸುವಿಕೆ ಪ್ರಿರೌಟಿಂಗ್ ಹಂತದಲ್ಲಿ, ಅಂದರೆ ಪ್ಯಾಕೆಟ್ ಎಲ್ಲಿಗೆ ಹೋಗಬೇಕೆಂದು ನಿರ್ಧಾರವಾಗುವ ಮೊದಲೇ ನಡೆದುಹೋಗುತ್ತದೆ. ಹಾಗಾಗಿ ಯಾವುದನ್ನು ಒಳಬಿಡಬೇಕೆಂದು ಹೇಳುವ ಮುಂದಿನ ಫೈರ್‌ವಾಲ್ ನಿಯಮದಲ್ಲಿ ಕ್ಯಾಮೆರಾದ ಒಳವಿಳಾಸವನ್ನೂ ಒಳಪೋರ್ಟನ್ನೂ ಬರೆಯಬೇಕು. ನಾನು ಹೊರಗಿನದನ್ನು ಬರೆದಿದ್ದೆ. ತಿದ್ದಿದೆ. ಆಗಲೂ ಬರಲಿಲ್ಲ.

ಒಂದು ಇಡೀ ದಿನ ನಿಯಮಗಳನ್ನು ತಿರುವಿಹಾಕಿದ ಮೇಲೆ, ಹೊರಬದಿಯ ನೆಟ್‌ವರ್ಕ್ ಪೋರ್ಟಿನಲ್ಲಿ, ಬಂದುಹೋಗುವ ಪ್ಯಾಕೆಟ್ಟುಗಳನ್ನು ತೋರಿಸುವ ಟಿಸಿಪಿಡಂಪ್ ಹಚ್ಚಿ ಕುಳಿತೆ. ಮೊಬೈಲ್ ಡೇಟಾದಿಂದ ಎಷ್ಟು ಸಲ ಪ್ರಯತ್ನಿಸಿದರೂ ಪರದೆಯ ಮೇಲೆ ಒಂದು ಸಾಲೂ ಮೂಡಲಿಲ್ಲ. ಪ್ಯಾಕೆಟ್ ನಮ್ಮ ಬಾಗಿಲಿಗೇ ಬರುತ್ತಿರಲಿಲ್ಲ. ರೂಟರಿನ ಹೊರವಿಳಾಸ 100.70ರಿಂದ ಶುರುವಾಗಿತ್ತು. 10, 192.168 ಅಥವಾ 172.16ರಿಂದ 172.31 ಅಲ್ಲದ್ದೆಲ್ಲ ಸಾರ್ವಜನಿಕ ವಿಳಾಸವೆಂದೇ ನಾನು ನಂಬಿದ್ದೆ. 100.64ರಿಂದ 100.127ರವರೆಗಿನ ವಿಳಾಸಗಳನ್ನು, ಸೇವೆ ಕೊಡುವವರು ತಮ್ಮ ಜಾಲದೊಳಗೆ ಇನ್ನೊಂದು ಸುತ್ತಿನ ನ್ಯಾಟ್ ಮಾಡಲೆಂದು 2012ರಲ್ಲಿ ಬೇರೆಯಾಗಿ ಎತ್ತಿಟ್ಟಿದ್ದಾರೆ. ನಿಜವಾದ ಹೊರವಿಳಾಸ ಅವರ ಯಂತ್ರದ ಮೇಲಿತ್ತು, ಅದನ್ನು ಅನೇಕ ಮನೆಗಳು ಹಂಚಿಕೊಂಡಿದ್ದವು, ಅಲ್ಲಿ ನಿಯಮ ಬರೆಯುವ ಅಧಿಕಾರ ನನಗಿರಲಿಲ್ಲ. ಸಹಾಯವಾಣಿಯವರು ಮಾತ್ರ ರೂಟರನ್ನು ಆಫ್ ಮಾಡಿ ಆನ್ ಮಾಡಿ ಎಂದರು.

ಒಳಗೆ ಬರಲಾಗದಿದ್ದರೆ ಒಳಗಿನಿಂದಲೇ ಕರೆಯಬೇಕು. ಸಾರ್ವಜನಿಕ ವಿಳಾಸವಿರುವ ಒಂದು ಚಿಕ್ಕ ಸರ್ವರನ್ನು ಬಾಡಿಗೆಗೆ ಪಡೆದು, ಊರಿನ ರೂಟರಿನಿಂದ ಅದಕ್ಕೆ ವೈರ್‌ಗಾರ್ಡ್ ಎಂಬ ತಂತ್ರಾಂಶದಿಂದ ಗುಪ್ತ ಸುರಂಗ ಕೊರೆದೆ. ನನ್ನ ಫೋನೂ ಅಪ್ಪನ ಫೋನೂ ಅದೇ ಸರ್ವರಿಗೆ ಸೇರಿದವು. ಇಲ್ಲಿಯೂ ದಾಖಲೆಯ ಸಾಲನ್ನು ಅಳಿಯದಂತೆ ಕಾಯಬೇಕು. ಲಿನಕ್ಸ್‌ನಲ್ಲಿ ಮೊದಲು ಸಂಪರ್ಕ ಸ್ಥಾಪಿಸಿಕೊಂಡು ಮಾತಾಡುವ ಟಿಸಿಪಿಯಲ್ಲಿ ಸ್ಥಾಪಿತವಾದ ಸಂಪರ್ಕದ ಸಾಲು ಸುಮ್ಮನಿದ್ದರೂ 5 ದಿನ ಉಳಿಯುತ್ತದೆ, ಆದರೆ ಹಾಗೆ ಸ್ಥಾಪಿಸಿಕೊಳ್ಳದೆ ಪ್ಯಾಕೆಟ್ ಕಳಿಸುವ ಯುಡಿಪಿಯಲ್ಲಿ ಉತ್ತರ ಬರದ ಸಾಲು 30 ಸೆಕೆಂಡಿಗೆ ಅಳಿಸಿಹೋಗುತ್ತದೆ. ವೈರ್‌ಗಾರ್ಡ್ ಯುಡಿಪಿಯ ಮೇಲೆ ಓಡುವಂಥದ್ದು. ಅದಕ್ಕಾಗಿ 25 ಸೆಕೆಂಡಿಗೊಮ್ಮೆ ಒಂದು ಖಾಲಿ ಪ್ಯಾಕೆಟ್ ಕಳಿಸುತ್ತಿರು ಎಂದು ರೂಟರಿಗೆ ಹೇಳಿದೆ.

ಸುರಂಗದಿಂದ ರೂಟರಿಗೆ ಪಿಂಗ್ (ತಲುಪುತ್ತದೆಯೇ ಎಂದು ನೋಡುವ ಪರೀಕ್ಷೆ) ಹೋಯಿತು, ಕ್ಯಾಮೆರಾಕ್ಕೆ ಹೋಗಲಿಲ್ಲ. ಕ್ಯಾಮೆರಾ ಹಾಕಿದ ಹುಡುಗ ವಿಳಾಸವನ್ನು ಕೈಯಿಂದ ತುಂಬಿ, ಗೇಟ್‌ವೇ, ಅಂದರೆ ಹೊರಗಿನವರಿಗೆ ಹೋಗುವುದನ್ನು ಒಪ್ಪಿಸಬೇಕಾದ ರೂಟರಿನ ವಿಳಾಸದ, ಜಾಗವನ್ನು ಖಾಲಿ ಬಿಟ್ಟಿದ್ದ, ಸುರಂಗದ 10.8ರ ವಿಳಾಸಕ್ಕೆ ಉತ್ತರವನ್ನು ಯಾರ ಕೈಗೆ ಕೊಡಬೇಕೆಂದು ಕ್ಯಾಮೆರಾಕ್ಕೆ ಗೊತ್ತಿರಲಿಲ್ಲ. ಅದರ ಪಾಸ್‌ವರ್ಡ್ ಬರೆದ ಚೀಟಿ ಊರಿನಲ್ಲಿ, ನಾನು ಬೆಂಗಳೂರಿನಲ್ಲಿ. ಆಗ ಮಾಸ್ಕರೇಡ್ ನಿಯಮವೊಂದನ್ನು ಒಳಬದಿಯ ನೆಟ್‌ವರ್ಕ್ ಪೋರ್ಟಿಗೇ ಬರೆದೆ: ಕೇಳುತ್ತಿರುವುದು ಪಕ್ಕದಲ್ಲೇ ಇರುವ ರೂಟರ್ ಎಂದು ತಿಳಿದು ಕ್ಯಾಮೆರಾ ಉತ್ತರಿಸಿತು. ಅಂಗಳದ ಚಿತ್ರ ಮೂಡಿತು, ಮೂಲೆಯಲ್ಲಿ ಅಪ್ಪ ಅಡಿಕೆ ಹರವುತ್ತಿದ್ದರು. ಹೀಗೆ ಮಾಡಿದರೆ ನಿಜವಾಗಿ ನೋಡಿದವರು ಯಾರೆಂಬುದು ಕ್ಯಾಮೆರಾದ ಲಾಗ್‌ನಲ್ಲಿ ಉಳಿಯುವುದಿಲ್ಲ. ಆದ್ದರಿಂದ ಮುಂದಿನ ಸಲ ಊರಿಗೆ ಹೋದಾಗ ಚೀಟಿ ಹುಡುಕಿ, ಗೇಟ್‌ವೇ ತುಂಬಿ, ಆ ನಿಯಮವನ್ನು ತೆಗೆದುಹಾಕಿದೆ.