ಅಣ್ಣ ಸೌದೆ ಕಾಲದವನು, ತಂಗಿ ಗ್ಯಾಸ್ ಕಾಲದವಳು

ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಬಚ್ಚಲೊಲೆ ಆರುವುದೇ ಇಲ್ಲ. ಈ ಹೊಗೆಗೂ ಮಗುವಿನ ಹುಟ್ಟುತೂಕಕ್ಕೂ ನಂಟಿದೆಯೇ? ಸೌದೆ ಮನೆಗಳನ್ನು ಗ್ಯಾಸ್ ಮನೆಗಳ ಪಕ್ಕ ಇಟ್ಟರೆ ಸಾಲದು. ಬಡತನ, ತಾಯಿಯ ಎತ್ತರ, ಊಟ ಎಲ್ಲ ನಡುವೆ ನುಸುಳುತ್ತವೆ. ಒಂದೇ ತಾಯಿಯ ಮಕ್ಕಳಲ್ಲಿ ಇವು ಬಹುಪಾಲು ಒಂದೇ, ಅದಕ್ಕೇ ಒಡಹುಟ್ಟಿದವರ ಹೋಲಿಕೆ.

ತಾಯಿ ಕಾರ್ಡ್ ತೆಗೆಯಿರಿ. ಸೌದೆ ಕಾಲದ ಅಣ್ಣ 2.6 ಕೆಜಿ, ಗ್ಯಾಸ್ ಬಂದ ಮೇಲಿನ ತಂಗಿ 2.9 ಅಂದುಕೊಳ್ಳಿ. ಮನೆಯ ಸರಾಸರಿ 2.75 ಕಳೆದರೆ −0.15, +0.15. ಸೌದೆಗೆ 1, ಗ್ಯಾಸಿಗೆ 0 ಕೊಟ್ಟು ಅಲ್ಲೂ ಹೀಗೇ ಕಳೆದು, ಎಲ್ಲ ಮನೆಗಳನ್ನೂ ಸೇರಿಸಿ ರಿಗ್ರೆಷನ್ ಹಾಕಿ, ಅಂದರೆ ಒಲೆ ಬದಲಾದರೆ ತೂಕ ಎಷ್ಟು ಬದಲಾಗುತ್ತದೆ ಎಂದು ಅಂದಾಜಿಸಿ. ಕಾಯಿಲೆ ಬಂತೋ ಇಲ್ಲವೋ ಎನ್ನುವ ಲೆಕ್ಕವಾದರೆ ಕಂಡಿಷನಲ್ ಲಾಜಿಸ್ಟಿಕ್, ಅಂದರೆ ಹೌದು-ಇಲ್ಲ ಉತ್ತರಗಳನ್ನು ಮನೆಯೊಳಗೇ ಹೋಲಿಸುವ ರಿಗ್ರೆಷನ್.

ಎಡವುವುದು ಇಲ್ಲಿ: ಒಲೆ ಬದಲಿಸಿದವರೆಲ್ಲ ಸೌದೆಯಿಂದ ಗ್ಯಾಸಿಗೆ ಹೋದವರೇ. ಹಾಗಾಗಿ ಹೊಗೆಯ ಪಾಲು ಸದಾ ಹಿರಿಯರಿಗೆ, ಚೊಚ್ಚಲ ಮಗುವೋ ಸಾಮಾನ್ಯವಾಗಿ ಹೇಗೂ ತುಸು ಹಗುರ. ಇಬ್ಬರೂ ಸೌದೆಯವರೇ ಆದ ಮನೆ ಹೊಗೆಯ ಬಗ್ಗೆ ನೇರವಾಗಿ ಏನೂ ಹೇಳದು, ಆದರೆ ಹುಟ್ಟಿದ ಕ್ರಮದ ಪರಿಣಾಮ ಅಳೆಯಲು ಅದೇ ಬೇಕು. ಬಿಸಾಡಬೇಡಿ ಮಾರಾಯ್ರೆ!

ಇನ್ನು ಒಲೆಯ ಲೆಕ್ಕ ತಪ್ಪಾಗಿ ಬರೆದಿದ್ದರೆ, ಆ ತಪ್ಪು ಮನೆಯೊಳಗಿನ ಹೋಲಿಕೆಯಲ್ಲಿ ಇನ್ನೂ ದೊಡ್ಡದಾಗಿ, ಇರುವ ನಂಟನ್ನೂ ಸೊನ್ನೆಯತ್ತ ಎಳೆಯುತ್ತದೆ. 2024ರ ಸ್ವೀಡನ್ ಅಧ್ಯಯನದಲ್ಲಿ ಗರ್ಭಿಣಿಯರ ಪ್ಯಾರಾಸಿಟಮಾಲ್ ಮತ್ತು ಆಟಿಸಂ ನಡುವಿನ 1.05ರ ಹಜಾರ್ಡ್ ಅನುಪಾತ (ಮಾತ್ರೆ ತಿಂದವರ ಮಕ್ಕಳ ಅಪಾಯ ತಿನ್ನದವರ ಮಕ್ಕಳದ್ದಕ್ಕೆ ಎಷ್ಟು ಪಟ್ಟು ಎಂಬ ಲೆಕ್ಕ; 1 ಅಂದರೆ ನಂಟಿಲ್ಲ) ಒಡಹುಟ್ಟಿದವರಲ್ಲಿ 0.98 ಆಯಿತು. ಅದನ್ನು ಓದುವಾಗಲೂ ನಾನು ಮೊದಲು ಹುಡುಕುವುದು ಮಾತ್ರೆಯ ಲೆಕ್ಕ ಯಾರು, ಹೇಗೆ ಬರೆದರು ಅಂತ.